ಪಕ್ಷಗಳ ಕೃಷಿ ನೀತಿ, ನಮ್ಮ ಭತ್ತದ ಗದ್ದೆ: ಉತ್ತರ ಕನ್ನಡದ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಸೊಸೈಟಿ ಜಗುಲಿಯಲ್ಲಿ, ಗಿರಣಿ ಎದುರಿನ ಸಾಲಿನಲ್ಲಿ, ಚುನಾವಣೆ ಹತ್ತಿರ ಬಂದಾಗ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಇಟ್ಟಿದ್ದೇವೆ. ಯಾರಿಗೆ ಓಟು ಹಾಕಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಅದಕ್ಕೆ ಇಲ್ಲಿ ಉತ್ತರ ಇಲ್ಲ.

## ದರದ ಲೆಕ್ಕ

ಬೆಂಬಲ ಬೆಲೆ ಇಡುವುದು ಬೆಂಗಳೂರೋ, ದಿಲ್ಲಿಯೋ?

ದಿಲ್ಲಿ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸಂಪುಟ ಒಪ್ಪುತ್ತದೆ. 2025-26ರ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ, ಎ ದರ್ಜೆಗೆ 2,389. ಆದರೆ ದರ ಘೋಷಿಸಿದ ಮಾತ್ರಕ್ಕೆ ಯಾರೂ ಬಂದು ಭತ್ತ ಕೊಳ್ಳುವುದಿಲ್ಲ. ಖರೀದಿ ಕೇಂದ್ರ ಎಲ್ಲಿ ತೆರೆಯಬೇಕು, ಯಾವಾಗ ತೆರೆಯಬೇಕು, ಒಬ್ಬರಿಂದ ಎಷ್ಟು ತೆಗೆದುಕೊಳ್ಳಬೇಕು ಎಂಬುದೆಲ್ಲ ರಾಜ್ಯದ ಕೈಯಲ್ಲಿದೆ. ಸಂವಿಧಾನದಲ್ಲಿ ಕೃಷಿ ರಾಜ್ಯ ಪಟ್ಟಿಯ 14ನೇ ಬಾಬು. ಆಹಾರಧಾನ್ಯದ ವ್ಯಾಪಾರ ಸಮವರ್ತಿ ಪಟ್ಟಿಯಲ್ಲಿ, ರಫ್ತು-ಆಮದು ಪೂರ್ತಿ ಕೇಂದ್ರದ್ದು. ಎಂಎಲ್‌ಎ ಅಭ್ಯರ್ಥಿ ಬೆಂಬಲ ಬೆಲೆ ಏರಿಸುತ್ತೇನೆ ಎಂದರೂ, ಎಂಪಿ ಅಭ್ಯರ್ಥಿ ನಿಮ್ಮ ಊರಿಗೆ ಖರೀದಿ ಕೇಂದ್ರ ತರುತ್ತೇನೆ ಎಂದರೂ ಇಬ್ಬರೂ ತಮ್ಮ ಕೈಯಲ್ಲಿಲ್ಲದ್ದನ್ನು ಕೊಡುತ್ತಿದ್ದಾರೆ ಎಂದೇ ತಿಳಿಯಿರಿ.

ಪ್ರತಿ ವರ್ಷ ಏರಿಸಿದ್ದೇವೆ ಅಂತಾರೆ. ನಮ್ಮ ಇಪ್ಪತ್ತು ಗುಂಟೆಗೆ ಎಷ್ಟು ಬಂತು?

2024-25ರಲ್ಲಿ 2,300 ಇದ್ದದ್ದು ಮರುವರ್ಷ 2,369 ಆಯಿತು. ಅಂದರೆ 69 ರೂಪಾಯಿ ಏರಿಕೆ. ಇಪ್ಪತ್ತು ಗುಂಟೆಯಲ್ಲಿ 8 ಕ್ವಿಂಟಲ್ ಬಂತು, ಅದರಲ್ಲಿ 5 ಮನೆಗೆ ಇಟ್ಟುಕೊಂಡಿರಿ ಎಂದುಕೊಳ್ಳೋಣ. ಮಾರುವುದು 3 ಕ್ವಿಂಟಲ್, ಏರಿಕೆಯಿಂದ ಸಿಕ್ಕಿದ್ದು 207 ರೂಪಾಯಿ. ನಾಟಿಗೆ ಬಂದ ಒಂದು ಆಳಿನ ದಿನಗೂಲಿಗೂ ಸಾಲದು. ಅದೇ ದರ ಮುಂಡಗೋಡದಲ್ಲೋ ಹಳಿಯಾಳದಲ್ಲೋ ಐದು ಎಕರೆ ಭತ್ತ ಬೆಳೆದು ಮುಕ್ಕಾಲು ಪಾಲು ಮಾರುವವರಿಗೆ ಸಾವಿರಗಳ ಲೆಕ್ಕ. ಬೆಂಬಲ ಬೆಲೆ ನಿಮಗೆ ಎಷ್ಟು ಮುಖ್ಯ ಎಂಬುದು ನೀವು ಎಷ್ಟು ಮಾರುತ್ತೀರಿ ಎಂಬುದರ ಮೇಲೆ ನಿಂತಿದೆ.

ಯಾರ ಕಾಲದಲ್ಲಿ ಹೆಚ್ಚು ಏರಿದ್ದು? ಇಬ್ಬರೂ ನಾವೇ ಅಂತಾರಲ್ಲ.

ಕಾಂಗ್ರೆಸ್, ಬಿಜೆಪಿ ಇಬ್ಬರ ಅಂಕಿಯೂ ಸರಿ. ಸಾಮಾನ್ಯ ಭತ್ತಕ್ಕೆ 2003-04ರಲ್ಲಿ 550 ಇತ್ತು. ಕಾಂಗ್ರೆಸ್ ನೇತೃತ್ವದ ಯುಪಿಎ ಹತ್ತು ವರ್ಷದ ಕೊನೆಗೆ, 2013-14ರಲ್ಲಿ, 1,310 ಆಯಿತು. ಅಲ್ಲಿಂದ 2025-26ಕ್ಕೆ 2,369. ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಮೊದಲನೆಯದು 760, ಎರಡನೆಯದು 1,059. ಬಿಜೆಪಿ ಭಾಷಣದಲ್ಲಿ ರೂಪಾಯಿ ಕೇಳುತ್ತದೆ. ಶೇಕಡಾವಾರು ನೋಡಿದರೆ ಮೊದಲನೆಯದು 138, ಎರಡನೆಯದು 12 ವರ್ಷಕ್ಕೆ 81. ಕಾಂಗ್ರೆಸ್ ಭಾಷಣದಲ್ಲಿ ಶೇಕಡಾ ಕೇಳುತ್ತದೆ. ಗೊಬ್ಬರ, ಕೂಲಿ, ಟಿಲ್ಲರ್ ಬಾಡಿಗೆ ಅದೇ ಅವಧಿಯಲ್ಲಿ ಎಷ್ಟು ಏರಿತು ಎಂದು ಇಬ್ಬರೂ ಹೇಳುವುದಿಲ್ಲ.

ಸ್ವಾಮಿನಾಥನ್ ವರದಿ ಜಾರಿಯಾಯಿತು ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಯಾರದ್ದು ಸುಳ್ಳು?

ಖರ್ಚಿನ ಮೇಲೆ ಶೇ 50 ಸೇರಿಸಿ ಬೆಂಬಲ ಬೆಲೆ ಕೊಡಿ ಎಂದು ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ ಹೇಳಿತ್ತು. ಜಗಳ ಇರುವುದು ‘ಖರ್ಚು’ ಎಂಬ ಶಬ್ದದಲ್ಲಿ. ಕೈಯಿಂದ ಕೊಟ್ಟ ಹಣ, ಅದಕ್ಕೆ ಮನೆಯವರ ದುಡಿಮೆಯ ಬೆಲೆ ಸೇರಿಸಿದರೆ ಎ2+ಎಫ್‌ಎಲ್. ಅದರ ಮೇಲೆ ಸ್ವಂತ ಜಮೀನಿನ ಗೇಣಿ ಮೌಲ್ಯ, ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ಸಿ2. 2018ರ ಬಜೆಟ್‌ನಲ್ಲಿ ಕೇಂದ್ರ ಒಪ್ಪಿದ ‘ಖರ್ಚಿನ ಒಂದೂವರೆ ಪಟ್ಟು’ ಮೊದಲನೆಯದರ ಮೇಲಿನದು. 2025-26ಕ್ಕೆ ಭತ್ತದ ಖರ್ಚು 1,579 ಎಂದು ಹಿಡಿದಿದ್ದಾರೆ, ಅದರ ಒಂದೂವರೆ ಪಟ್ಟು 2,369. ರೈತ ಸಂಘಟನೆಗಳೂ ಎಡಪಕ್ಷಗಳೂ ಕೇಳುವುದು ಸಿ2 ಮೇಲೆ ಶೇ 50. ಆ ಲೆಕ್ಕದಲ್ಲಿ ದರ ಮೂರು ಸಾವಿರ ದಾಟುತ್ತದೆ.

ಸ್ವಾಮಿನಾಥನ್ ಆಯೋಗ ಕೊನೆಯ ವರದಿ ಕೊಟ್ಟದ್ದು 2006ರಲ್ಲಿ. ಆಗ ಇದ್ದ ಯುಪಿಎ ಸರ್ಕಾರ 2007ರ ರೈತ ನೀತಿಯಲ್ಲಿ ಈ ಶಿಫಾರಸನ್ನು ಸೇರಿಸಲಿಲ್ಲ. 2015ರಲ್ಲಿ ಎನ್‌ಡಿಎ ಸರ್ಕಾರ ಇದು ಮಾರುಕಟ್ಟೆಯನ್ನು ಕೆಡಿಸುತ್ತದೆ ಎಂದು ಸುಪ್ರೀಂ ಕೋರ್ಟಿಗೆ ಹೇಳಿತು. 2024ರ ಪ್ರಣಾಳಿಕೆಯಲ್ಲಿ ಕಾಂಗ್ರೆಸ್ ಕಾನೂನು ಖಾತರಿಯ ಭರವಸೆ ಕೊಟ್ಟಿತು. ಬಿಜೆಪಿ ‘ಕಾಲಕಾಲಕ್ಕೆ ಏರಿಸುತ್ತೇವೆ’ ಎಂದಿತು. ಅಧಿಕಾರದಲ್ಲಿದ್ದಾಗ ಕೈ ಬಿಗಿ, ಇಲ್ಲದಾಗ ಬಾಯಿ ಧಾರಾಳ ಎಂಬುದು ಇಲ್ಲಿ ಎರಡೂ ಕಡೆಗೆ ಹೊಂದುತ್ತದೆ.

## ಖರೀದಿ ಕೇಂದ್ರದ ಬಾಗಿಲಲ್ಲಿ

ಕೇಂದ್ರ ತೆರೆಯುವಷ್ಟರಲ್ಲಿ ನಮ್ಮ ಭತ್ತ ಮಾರಿ ಆಗಿರ್ತದೆ. ಯಾಕೆ ಹೀಗೆ?

ವೇಳಾಪಟ್ಟಿ ನಮಗಾಗಿ ಮಾಡಿದ್ದಲ್ಲ. ಕಾರವಾರದಿಂದ ಭಟ್ಕಳದವರೆಗೆ ಮಳೆ ಆಧಾರದ ಭತ್ತ ಚಿತ್ತೆ-ಸ್ವಾತಿ ಮಳೆಯ ಹೊತ್ತಿಗೆ, ಅಂದರೆ ಅಕ್ಟೋಬರ್–ನವೆಂಬರ್ ಆರಂಭಕ್ಕೆ, ಕೊಯ್ಲಾಗುತ್ತದೆ. ತುಂಗಭದ್ರಾ, ಕಾವೇರಿ ಅಚ್ಚುಕಟ್ಟಿನಲ್ಲಿ ಕೊಯ್ಲು ಅದರಿಂದ ತಿಂಗಳು, ಒಂದೂವರೆ ತಿಂಗಳು ತಡ. ರಾಜ್ಯದ ಖರೀದಿ ಆ ಭಾಗದ ಕೊಯ್ಲಿಗೆ ಹೊಂದಿಕೊಂಡು, ಸಾಮಾನ್ಯವಾಗಿ ವರ್ಷಾಂತ್ಯದಲ್ಲಿ ನೋಂದಣಿ, ಜನವರಿಯ ಆಸುಪಾಸು ತೂಕ ಎಂದು ನಡೆಯುತ್ತದೆ. ಖರೀದಿ ಏಜೆನ್ಸಿಯ ಹೆಸರು, ಗಿರಣಿಗಳ ಒಪ್ಪಂದ, ಗೋಣಿಚೀಲ ಈ ಮೂರೂ ಸಿದ್ಧವಾಗದೆ ತೂಕ ಶುರುವಾಗುವುದಿಲ್ಲ.

ಅಲ್ಲಿಯವರೆಗೆ ಭತ್ತ ಇಟ್ಟುಕೊಳ್ಳಲು ಒಣ ಜಾಗ ಬೇಕು. ದೀಪಾವಳಿ ಖರ್ಚು, ಟ್ರ್ಯಾಕ್ಟರ್ ಬಾಡಿಗೆ, ಆಳಿನ ಬಾಕಿ ಯಾವುದೂ ಜನವರಿಗೆ ಕಾಯುವುದಿಲ್ಲ. ಗೋದಾಮಿನಲ್ಲಿಟ್ಟ ದಾಸ್ತಾನಿನ ಮೇಲೆ ಅಡಮಾನ ಸಾಲ ಕೊಡುವ ವ್ಯವಸ್ಥೆ ಎಪಿಎಂಸಿ ಮತ್ತು ಸಹಕಾರಿಗಳ ಮೂಲಕ ಇದೆ. ಎರಡು ಮೂರು ಕ್ವಿಂಟಲ್‌ಗೆ ಆ ಓಡಾಟ ಹುಟ್ಟುವುದಿಲ್ಲ. ನಾಲ್ಕೈದು ಮನೆಯವರು ಸೇರಿ ಹತ್ತಿಪ್ಪತ್ತು ಕ್ವಿಂಟಲ್ ಮಾಡಿಕೊಂಡರೆ ಹುಟ್ಟಬಹುದು. ಕರಾವಳಿಯ ಕೇಂದ್ರ ಅಕ್ಟೋಬರ್ ಕೊನೆಗೇ ತೆರೆಯಬೇಕು ಎಂಬ ಒಂದೇ ಬೇಡಿಕೆ, ನಮ್ಮ ಪ್ರಕಾರ, ದರದಲ್ಲಿ ನೂರು ರೂಪಾಯಿ ಏರಿಕೆಗಿಂತ ದೊಡ್ಡದು. ಅದಕ್ಕೆ ದಿಲ್ಲಿಯವರೆಗೆ ಹೋಗಬೇಕಾಗಿಯೂ ಇಲ್ಲ.

ತೇವ ಜಾಸ್ತಿ ಅಂತ ವಾಪಸ್ ಕಳಿಸಿದರು. ಎಷ್ಟಿರಬೇಕು?

ಶೇ 17ರ ಒಳಗೆ. ಕಲ್ಲು-ಮಣ್ಣು ಶೇ 1, ಹುಲ್ಲು-ಕಸ ಶೇ 1, ಹಾಳಾದ, ಬಣ್ಣಗೆಟ್ಟ, ಮೊಳಕೆ ಬಂದ, ಹುಳು ಹಿಡಿದ ಕಾಳು ಸೇರಿ ಶೇ 5, ಜಳ್ಳು-ಎಳೆಗಾಳು ಶೇ 3, ಕೆಳದರ್ಜೆಯ ಬೆರಕೆ ಶೇ 6. ಇವು ಮಿತಿಗಳು. ನಮ್ಮಲ್ಲಿ ತಪ್ಪುವುದು ಹೆಚ್ಚಾಗಿ ಎರಡು ಕಡೆ. ಒಂದು ತೇವ. ಇನ್ನೊಂದು, ಕೊಯ್ದು ಗದ್ದೆಯಲ್ಲಿ ಬಿಟ್ಟ ಮೇಲೆ ಮಳೆ ಹೊಡೆದು ಮೊಳಕೆ ಬರುವುದು.

ಟಾರ್ಪಾಲಿನ ಮೇಲೆ ಎರಡು ಬೆರಳು ದಪ್ಪಕ್ಕಿಂತ ಹೆಚ್ಚು ಹರಡಬೇಡಿ, ಗಂಟೆಗೊಮ್ಮೆ ಕಾಲಾಡಿಸಿ. ಬಿಸಿ ಇರುವಾಗಲೇ ಚೀಲ ಕಟ್ಟಿದರೆ ಒಳಗೆ ಬೆವರಿ ಮತ್ತೆ ತೇವ ಏರುತ್ತದೆ, ಸಂಜೆ ತಣಿದ ಮೇಲೆ ತುಂಬಿ. ಕೇಂದ್ರದಲ್ಲಿ ಮಾಪಕಕ್ಕೆ ಚೀಲದ ಮೇಲಿನ ಕಾಳು ಮಾತ್ರ ಹಾಕದೆ ಮೂರು ಕಡೆಯಿಂದ ತೆಗೆದು ನೋಡಲು ಹೇಳಿ.

ಹಸಿ ಭತ್ತದ ದರವನ್ನೂ ಒಣ ಭತ್ತದ ದರವನ್ನೂ ನೇರ ಹೋಲಿಸಬಾರದು. ಶೇ 22 ತೇವದ 100 ಕಿಲೋ ಶೇ 17ಕ್ಕೆ ಇಳಿದಾಗ 94 ಕಿಲೋ ಆಗುತ್ತದೆ. ಗದ್ದೆಗೇ ಬಂದ ವ್ಯಾಪಾರಿ ಹಸಿ ಭತ್ತಕ್ಕೆ 2,000 ಕೊಟ್ಟರೆ ಅದು ಒಣಗಿದ್ದರ ಲೆಕ್ಕದಲ್ಲಿ ಸುಮಾರು 2,128. ಬೆಂಬಲ ಬೆಲೆಗೂ ಅದಕ್ಕೂ ಅಂತರ 369 ಅಲ್ಲ, 241. ಅದರಲ್ಲಿ ಸಾಗಣೆ, ಹಮಾಲಿ, ಒಣಗಿಸುವ ಆಳು ಕಳೆಯಿರಿ. ಉಳಿದರೆ ಕೇಂದ್ರಕ್ಕೆ ಹೋಗಿ.

ನೋಂದಣಿಗೆ ಹೋದರೆ ನಮ್ಮ ಗದ್ದೆಯಲ್ಲಿ ಅಡಿಕೆ ಇದೆ ಅಂತ ಕಂಪ್ಯೂಟರ್ ತೋರಿಸ್ತದೆ!

ಬೆಳೆ ಸಮೀಕ್ಷೆಯಲ್ಲಿ ಆದ ತಪ್ಪು. ಒಂದೇ ಸರ್ವೆ ನಂಬರಿನಲ್ಲಿ ತೋಟವೂ ಗದ್ದೆಯೂ ಇದ್ದಾಗ ಬದುವಿನ ಮೇಲೆ ನಿಂತು ತೆಗೆದ ಒಂದು ಫೋಟೋದಿಂದ ಪೂರ್ತಿ ಹಿಸ್ಸೆ ಅಡಿಕೆಯಾಗಿಬಿಡುತ್ತದೆ. ಖರೀದಿ, ವಿಮೆ, ಪರಿಹಾರ ಮೂರೂ ಇದೇ ದಾಖಲೆಯನ್ನು ನೋಡುವುದರಿಂದ ಒಂದು ತಪ್ಪಿಗೆ ಮೂರು ಪೆಟ್ಟು.

ಮುಂಗಾರಿನಲ್ಲಿ ರೈತರ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನೀವೇ ಗದ್ದೆಯ ನಡುವೆ ನಿಂತು ಫೋಟೋ ಹಾಕಿ. ಬೇರೆಯವರು ಮಾಡಿದ್ದರೆ ‘ಬೆಳೆ ದರ್ಶಕ’ದಲ್ಲಿ ನೋಡಿ, ಆಕ್ಷೇಪಣೆಯ ಗಡುವಿನ ಒಳಗೆ ಗ್ರಾಮ ಆಡಳಿತಾಧಿಕಾರಿಗೋ ರೈತ ಸಂಪರ್ಕ ಕೇಂದ್ರಕ್ಕೋ ಬರೆದು ಕೊಡಿ. ಕೊಯ್ಲಾದ ಮೇಲೆ ಗದ್ದೆಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಇದರ ಜೊತೆ ಫ್ರೂಟ್ಸ್ (ರಾಜ್ಯದ ರೈತ ನೋಂದಣಿ) ಗುರುತಿನ ಸಂಖ್ಯೆಗೆ ಎಲ್ಲ ಸರ್ವೆ ನಂಬರೂ ಸೇರಿದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿಕೊಳ್ಳಿ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ. ಅದಿಲ್ಲದೆ ಯಾವ ಪಕ್ಷದ ಯಾವ ಯೋಜನೆಯೂ ಅಂಗಳಕ್ಕೆ ಬರುವುದಿಲ್ಲ.

ಕಗ್ಗ ಭತ್ತ ತಗೊಳ್ತಾರಾ?

ಕಾಗದದ ಮೇಲೆ ಭತ್ತಕ್ಕೆ ತಳಿಯ ಭೇದ ಇಲ್ಲ, ಸಾಮಾನ್ಯ ಮತ್ತು ಎ ದರ್ಜೆ ಎರಡೇ. ಆದರೆ ಗಿರಣಿಯಿಂದ ಸರ್ಕಾರಕ್ಕೆ ಹೋಗುವ ಅಕ್ಕಿಯಲ್ಲಿ ಕೆಂಪು ಕಾಳಿಗೆ ಶೇ 3ರ ಮಿತಿ ಇದೆ. ಉಪ್ಪುನೀರು ತಾಳುವ ನಮ್ಮ ಕರಾವಳಿಯ ತಳಿ ಕಗ್ಗ, ಅದು ಕೆಂಪಕ್ಕಿ. ಗಿರಣಿಯವರಿಗೆ ಬೇಡವಾದ್ದು ಕೇಂದ್ರದವರಿಗೂ ಬೇಡ. ಅಘನಾಶಿನಿ ಅಳಿವೆಯ ಗಜನಿಯವರು, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯವರು, ಈ ದಾರಿಗೆ ಕಾಯದೆ ನೇರ ಅಕ್ಕಿ ಮಾಡಿ ಮಾರುವುದೇ ಲೇಸು. ಗಜನಿಗೆ ಬೇಕಾದ ನೀತಿ ದರದ್ದಲ್ಲ, ಕಟ್ಟೆಯದ್ದು. ಉಪ್ಪುನೀರು ತಡೆಯುವ ಒಡ್ಡು ಮತ್ತು ಗೇಟು ಮೇ ಒಳಗೆ ದುರಸ್ತಿಯಾಗದಿದ್ದರೆ ಆ ವರ್ಷ ಭತ್ತ ಇಲ್ಲ, ಸೀಗಡಿ ಮಾತ್ರ. ಖಾರ್‌ಲ್ಯಾಂಡ್ ಎಂಬ ಈ ಒಡ್ಡಿನ ಯೋಜನೆಯ ಹಣದ ಬಗ್ಗೆ ಯಾರಾದರೂ ಭಾಷಣ ಮಾಡಿದರೆ ಕೇಳಬೇಕಾದ್ದು ಒಂದೇ: ಕೆಲಸ ಯಾವ ತಿಂಗಳಲ್ಲಿ?

ಎಪಿಎಂಸಿ ಕಾಯ್ದೆ ಬದಲಾದದ್ದರಿಂದ ನಮಗೆ ಲಾಭವೋ ನಷ್ಟವೋ?

ಭತ್ತಕ್ಕೆ ಹೆಚ್ಚು ವ್ಯತ್ಯಾಸ ಇಲ್ಲ. 2020ರಲ್ಲಿ ಬಿಜೆಪಿ ಸರ್ಕಾರ ಪ್ರಾಂಗಣದ ಹೊರಗೂ ಮಾರಲು ಬಿಟ್ಟಿತು. 2023ರಲ್ಲಿ ಕಾಂಗ್ರೆಸ್ ಸರ್ಕಾರ ಅದನ್ನು ಹಿಂದಿನಂತೆ ಮಾಡುವ ಮಸೂದೆ ತಂದಿತು. ಕೇಂದ್ರದ ಮೂರು ಕೃಷಿ ಕಾಯ್ದೆಗಳು 2021ರಲ್ಲಿ ವಾಪಸ್ಸಾದವು. ನಮ್ಮ ಕಡೆ ಭತ್ತ ಆ ಮೊದಲೂ ಗದ್ದೆ ಬದುವಿನಲ್ಲೇ ಮಾರಾಟವಾಗುತ್ತಿತ್ತು. ಶಿರಸಿಯಲ್ಲಿ ಸಹಕಾರಿ ಟೆಂಡರು ಗಟ್ಟಿಯಾಗಿರುವುದು ಅಡಿಕೆಗೆ, ಭತ್ತಕ್ಕೆ ಅಲ್ಲ.

## ಸಾಲ, ವಿಮೆ, ಖಾತೆಗೆ ಬರುವ ಹಣ

ಸಾಲ ಮನ್ನಾ ಆಗಬಹುದು ಅಂತ ಕಟ್ಟದೆ ಇರಬಹುದಾ?

ಬೇಡ. ಇತಿಹಾಸ ನೋಡಿ. 2008ರಲ್ಲಿ ಕೇಂದ್ರ ಮನ್ನಾ ಮಾಡಿತು, 2017ರಲ್ಲಿ ಸಿದ್ದರಾಮಯ್ಯ ಸರ್ಕಾರ ಸಹಕಾರಿ ಬೆಳೆ ಸಾಲದಲ್ಲಿ 50,000ದವರೆಗೆ, 2018ರಲ್ಲಿ ಕುಮಾರಸ್ವಾಮಿ ಸರ್ಕಾರ ಸಹಕಾರಿಯಲ್ಲಿ 1 ಲಕ್ಷ, ಬ್ಯಾಂಕಿನಲ್ಲಿ 2 ಲಕ್ಷದವರೆಗೆ. ಪ್ರತಿ ಸಲವೂ ಒಂದು ಹಿಂದಿನ ದಿನಾಂಕ. 2018ರಲ್ಲಿ ಅದರ ಜೊತೆ ಕುಟುಂಬಕ್ಕೊಂದೇ ಎಂಬ ಷರತ್ತು, ತೆರಿಗೆ ಕಟ್ಟುವವರಿಗೆ ಇಲ್ಲ ಎಂಬ ಷರತ್ತು. ಯಾವ ದಿನಾಂಕ ಹಿಡಿಯುತ್ತಾರೆಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ.

ಕಟ್ಟದೆ ಕೂತರೆ ಕಳೆದುಕೊಳ್ಳುವುದು ಮಾತ್ರ ಖಚಿತ. ಸೊಸೈಟಿಯ ಶೂನ್ಯ ಬಡ್ಡಿ ಸಾಲ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿದೆ. ಅದೇ ವರ್ಷ ಬಿಜೆಪಿಯ ಫೆಬ್ರುವರಿ ಬಜೆಟ್ಟೂ ಕಾಂಗ್ರೆಸ್‌ನ ಜುಲೈ ಬಜೆಟ್ಟೂ ಇದನ್ನು ಹೇಳಿದ್ದರಿಂದ ಇಬ್ಬರೂ ತಮ್ಮದೆನ್ನುತ್ತಾರೆ. ಗಡುವು ದಾಟಿದ ದಿನ ಶೂನ್ಯ ಬಡ್ಡಿ ಹೋಗಿ ಮಾಮೂಲು ಬಡ್ಡಿ ಬೀಳುತ್ತದೆ, ಮುಂದಿನ ಸಾಲಕ್ಕೂ ತೊಡಕು. ಏರಿದ ಮಿತಿಯೆಂದರೆ ಎಲ್ಲರಿಗೂ 5 ಲಕ್ಷ ಎಂದೂ ಅಲ್ಲ. ಬೆಳೆ ಮತ್ತು ಎಕರೆ ನೋಡಿ ಸಾಲದ ಪ್ರಮಾಣ ನಿಗದಿಯಾಗುತ್ತದೆ. ಅರ್ಧ ಎಕರೆ ಭತ್ತದವರಿಗೆ ಹಿಂದಿನ 3 ಲಕ್ಷವೂ ದೂರದ ಮಾತೇ ಆಗಿತ್ತು.

ಮೊದಲು ಹತ್ತು ಸಾವಿರ ಬರ್ತಿತ್ತು, ಈಗ ಆರೇ ಸಾವಿರ. ಯಾಕೆ?

ಪಿಎಂ-ಕಿಸಾನ್ 6,000 ಕೇಂದ್ರದ್ದು, 2,000ದ ಮೂರು ಕಂತು. ಅದರ ಮೇಲೆ 2019ರಲ್ಲಿ ಯಡಿಯೂರಪ್ಪ ಸರ್ಕಾರ ರಾಜ್ಯದಿಂದ 4,000 ಸೇರಿಸಿತು. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರ ಆ ಪಾಲನ್ನು ನಿಲ್ಲಿಸಿತು. ಮನೆಯ ಹೆಂಗಸಿನ ಖಾತೆಗೆ ಗೃಹಲಕ್ಷ್ಮಿ ಬರುತ್ತದಲ್ಲ ಎಂಬುದು ಅವರ ಕಡೆಯವರ ವಾದ. ಮೊತ್ತದಲ್ಲಿ ಅದು ದೊಡ್ಡದೇ, ಆದರೆ ಅದು ಜಮೀನಿಗೂ ಬೆಳೆಗೂ ಸಂಬಂಧಿಸಿದ್ದಲ್ಲ. ನಿಮಗೆ ಮೂರು ಕಂತೂ ಬರುತ್ತಿಲ್ಲವೆಂದರೆ ಇ-ಕೆವೈಸಿ ಅಥವಾ ಆಧಾರ್ ಜೋಡಣೆ ನೋಡಿ. ಜಮೀನು 2019ರ ಫೆಬ್ರುವರಿ 1ರ ನಂತರ ಖರೀದಿಸಿದ್ದಾದರೆ ಸಿಗುವುದಿಲ್ಲ, ವಾರಸಿನಿಂದ ಬಂದದ್ದಾದರೆ ಸಿಗುತ್ತದೆ.

ಹಂದಿ, ಮಂಗ ತಿಂದು ಹಾಕಿದ ಗದ್ದೆಗೆ ವಿಮೆ ಬರ್ತದಾ?

ಬಹಳ ವರ್ಷ ಬರುತ್ತಿರಲಿಲ್ಲ. ಭತ್ತ ನೀರಿನ ಬೆಳೆ ಎಂದು 2018ರಲ್ಲಿ ಮುಳುಗಡೆಯನ್ನೂ ಸ್ಥಳೀಯ ವಿಕೋಪದಿಂದ ತೆಗೆದಿದ್ದರು. ನೆರೆ ಬಂದು ವಾರ ನಿಂತರೂ ಒಬ್ಬೊಬ್ಬರ ಗದ್ದೆಯ ಲೆಕ್ಕದಲ್ಲಿ ಪರಿಹಾರ ಇಲ್ಲ! 2026ರ ಮುಂಗಾರಿನಿಂದ ಕಾಡುಪ್ರಾಣಿ ಹಾನಿಯನ್ನೂ ಭತ್ತದ ಮುಳುಗಡೆಯನ್ನೂ ಸೇರಿಸುವುದಾಗಿ ಕೇಂದ್ರ 2025ರ ನವೆಂಬರ್‌ನಲ್ಲಿ ಘೋಷಿಸಿತು. ಯಾವ ಪ್ರಾಣಿ, ಯಾವ ಪ್ರದೇಶ ಎಂದು ರಾಜ್ಯ ಅಧಿಸೂಚನೆ ಹೊರಡಿಸಬೇಕು. ನೋಂದಣಿಗೆ ಮುನ್ನ ನಿಮ್ಮ ತಾಲ್ಲೂಕು ಅದರಲ್ಲಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಮುಂಗಾರು ಭತ್ತಕ್ಕೆ ರೈತರ ಪಾಲು ವಿಮಾ ಮೊತ್ತದ ಶೇ 2. ಎಕರೆಗೆ 40,000 ವಿಮಾ ಮೊತ್ತ ಇದ್ದರೆ 800 ರೂಪಾಯಿ. ಹಾನಿಯಾದ 72 ಗಂಟೆಯೊಳಗೆ ಬೆಳೆ ವಿಮೆ ಆ್ಯಪ್‌ನಲ್ಲಿ ಸ್ಥಳ ಗುರುತಿನ ಫೋಟೋ ಸಮೇತ, ಇಲ್ಲವೇ 14447ಕ್ಕೆ ಕರೆ ಮಾಡಿ ತಿಳಿಸಬೇಕು. ಕೊಯ್ದು ಒಣಗಲು ಬಿಟ್ಟ ಭತ್ತ ಅಕಾಲ ಮಳೆಗೆ ಹಾಳಾದರೆ 14 ದಿನದವರೆಗೆ ರಕ್ಷಣೆ ಇದೆ. ಚಿತ್ತೆ ಮಳೆಯ ನಾಡಿಗೆ ಇದೇ ಮುಖ್ಯ ಅಂಶ, ಕೇಳಿಕೊಂಡು ಬರುವವರು ಮಾತ್ರ ಕಡಿಮೆ. ಉಳಿದಂತೆ ಇಳುವರಿ ನಷ್ಟವನ್ನು ಗ್ರಾಮ ಪಂಚಾಯ್ತಿ ಮಟ್ಟದ ಕೊಯ್ಲು ಪ್ರಯೋಗದಿಂದ ಅಳೆಯುತ್ತಾರೆ. ನಿಮ್ಮದೊಂದೇ ಗದ್ದೆ ಹೋಗಿ ಪಂಚಾಯ್ತಿಯ ಸರಾಸರಿ ಚೆನ್ನಾಗಿದ್ದರೆ ಏನೂ ಬರುವುದಿಲ್ಲ.

ವಿಮೆ ಬೇರೆ, ನೆರೆ ಪರಿಹಾರ ಬೇರೆಯಾ?

ಬೇರೆ. ಪರಿಹಾರಕ್ಕೆ ಕಂತು ಕಟ್ಟಬೇಕಿಲ್ಲ, ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹೋಗಿರಬೇಕು. 2025-26ರವರೆಗಿನ ಕೇಂದ್ರದ ಮಾನದಂಡ ಮಳೆ ಆಧಾರದ ಬೆಳೆಗೆ ಹೆಕ್ಟೇರಿಗೆ 8,500, ಗರಿಷ್ಠ 2 ಹೆಕ್ಟೇರ್. ಬೊಮ್ಮಾಯಿ ಸರ್ಕಾರ ರಾಜ್ಯದ ಹಣ ಸೇರಿಸಿ 13,600 ಮಾಡಿತ್ತು. 2025ರ ನೆರೆಗೆ ಸಿದ್ದರಾಮಯ್ಯ ಸರ್ಕಾರ 8,500 ಸೇರಿಸಿ 17,000 ಎಂದಿತು. ಹೆಕ್ಟೇರ್ ಎಂದರೆ ಎರಡೂವರೆ ಎಕರೆ ಎಂಬುದನ್ನು ಮರೆತು ಈ ಅಂಕಿ ಕೇಳಬೇಡಿ.

ಜಮೀನು ಮುಂಬೈನಲ್ಲಿರುವವರದ್ದು, ಮಾಡುವುದು ನಾವು. ನಮಗೆ ಯಾವುದೂ ಇಲ್ವಾ?

ಇಲ್ಲವೆಂದೇ ಹೇಳಬೇಕು. ಗೇಣಿ ಪದ್ಧತಿಯ ವಿರುದ್ಧ ದಿನಕರ ದೇಸಾಯಿಯವರ ರೈತಕೂಟ ಹೋರಾಡಿದ ಜಿಲ್ಲೆ ಇದು. 1974ರಲ್ಲಿ ದೇವರಾಜ ಅರಸು ಸರ್ಕಾರದ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಒಡೆಯನಾದ. ಅದೇ ಕಾನೂನು ಹೊಸ ಗೇಣಿಯನ್ನು ನಿಷೇಧಿಸಿತು. ಇವತ್ತಿನ ಮಾತಿನ ಗೇಣಿಗೆ ಹಾಗಾಗಿ ಕಾಗದ ಇಲ್ಲ. ಒಡೆಯರು ಬರೆದುಕೊಡಲು ಹೆದರುತ್ತಾರೆ, ಬರೆದುಕೊಡದಿದ್ದರೆ ಮಾಡುವವರಿಗೆ ವಿಮೆಯೂ ಇಲ್ಲ, ಖರೀದಿಯೂ ಇಲ್ಲ. ಗದ್ದೆ ಪಾಳು ಬೀಳುವುದಕ್ಕೆ ಇದೂ ಒಂದು ಕಾರಣ. 2016ರಲ್ಲಿ ನೀತಿ ಆಯೋಗ ಒಡೆತನಕ್ಕೆ ಧಕ್ಕೆಯಾಗದ ಗೇಣಿಯ ಮಾದರಿ ಕಾನೂನು ಕೊಟ್ಟಿದೆ. ಸದ್ಯಕ್ಕೆ ಯಾವ ಹಣ ಬಂದರೂ ಅದು ಪಹಣಿಯಲ್ಲಿ ಹೆಸರಿರುವವರ ಖಾತೆಗೆ ಬೀಳುತ್ತದೆ ಎಂದು ತಿಳಿದು ನಾಟಿಗೆ ಮೊದಲೇ ಮಾತಾಡಿಕೊಳ್ಳಿ.

## ಇನ್ನೂ ಆಳಕ್ಕೆ

ಛತ್ತೀಸ್‌ಗಢದಲ್ಲಿ 3,100 ಕೊಡ್ತಾರಂತೆ. ಇಲ್ಲಿ ಯಾಕಿಲ್ಲ?

2023ರಲ್ಲಿ ಅಲ್ಲಿ ಬಿಜೆಪಿ ಎಕರೆಗೆ 21 ಕ್ವಿಂಟಲ್‌ವರೆಗೆ 3,100 ಎಂದಿತು, ಕಾಂಗ್ರೆಸ್ 20 ಕ್ವಿಂಟಲ್‌ಗೆ 3,200 ಎಂದಿತು. ಒಡಿಶಾದಲ್ಲೂ ಬಿಜೆಪಿ 3,100ರ ಭರವಸೆ ಕೊಟ್ಟಿತು. ಕೇರಳದ ಎಡರಂಗ ಸರ್ಕಾರ ಕಿಲೋಗೆ 28.20 ಕೊಡುತ್ತಿದ್ದದ್ದನ್ನು 2025ರಲ್ಲಿ 30 ಮಾಡಿತು. ತೆಲಂಗಾಣದ ಕಾಂಗ್ರೆಸ್ ಸಣ್ಣ ಭತ್ತಕ್ಕೆ 500 ಬೋನಸ್ ಎಂದಿತು. ಅಂದರೆ ಇದು ಪಕ್ಷದ ಸಿದ್ಧಾಂತವಲ್ಲ, ಆ ರಾಜ್ಯದಲ್ಲಿ ಭತ್ತದ ಓಟು ಎಷ್ಟು ಎಂಬ ಲೆಕ್ಕ. ಕರ್ನಾಟಕದ ಓಟು ಕಬ್ಬು, ರಾಗಿ, ತೊಗರಿ, ಅಡಿಕೆ, ತೆಂಗಿಗೆ ಹಂಚಿಹೋಗಿದೆ.

2014ರಲ್ಲಿ ಕೇಂದ್ರ ರಾಜ್ಯಗಳಿಗೆ, ಬೆಂಬಲ ಬೆಲೆಯ ಮೇಲೆ ಬೋನಸ್ ಕೊಟ್ಟರೆ ಪಡಿತರಕ್ಕೆ ಬೇಕಾದಷ್ಟನ್ನು ಬಿಟ್ಟು ಹೆಚ್ಚಿನ ಅಕ್ಕಿ ತೆಗೆದುಕೊಳ್ಳುವುದಿಲ್ಲ ಎಂದು ಸೂಚಿಸಿತ್ತು. ಛತ್ತೀಸ್‌ಗಢ 2020ರಲ್ಲಿ ಅದಕ್ಕೇ ಬೋನಸ್ ಎನ್ನದೆ ಎಕರೆ ಲೆಕ್ಕದ ಸಹಾಯಧನ ಎಂದು ಕರೆಯಿತು. ದಾರಿ ಇದೆ. ಮನಸ್ಸು ಮತ್ತು ಬೊಕ್ಕಸ ಬೇಕು.

ಪುಕ್ಕಟೆ ಅಕ್ಕಿ, ರಫ್ತು ನಿಷೇಧ ಇವೆಲ್ಲ ನಮ್ಮ ದರ ಇಳಿಸಿದವಾ?

ರಫ್ತಿನದ್ದು ನೇರ ಪರಿಣಾಮ. 2023ರ ಜುಲೈ 20ಕ್ಕೆ ಕೇಂದ್ರ ಬಾಸ್ಮತಿಯಲ್ಲದ ಬೆಳ್ತಿಗೆ ಅಕ್ಕಿಯ ರಫ್ತು ನಿಲ್ಲಿಸಿತು, ಆಗಸ್ಟ್‌ನಲ್ಲಿ ಕುಚ್ಚಲಕ್ಕಿಗೆ ಶೇ 20 ಸುಂಕ ಹಾಕಿತು. ತೆರವಾದದ್ದು 2024ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಕೊಳ್ಳುವ ಗ್ರಾಹಕನಿಗೆ ಅನುಕೂಲ, ಒಂದು ಪೂರ್ತಿ ಕೊಯ್ಲು ಮಾರಿದ ರೈತನಿಗೆ ನಷ್ಟ. ಕಾಂಗ್ರೆಸ್ 2024ರಲ್ಲಿ ಸ್ಥಿರ ಆಮದು-ರಫ್ತು ನೀತಿಯ ಭರವಸೆ ಕೊಟ್ಟಿತು. ಆದರೆ ಬೆಲೆ ಏರಿದಾಗ ರಫ್ತು ಕಟ್ಟುವ ಚಾಳಿ ಅವರ ಕಾಲದಲ್ಲೂ ಇತ್ತು.

ಅನ್ನಭಾಗ್ಯದ ಕಥೆ ಬೇರೆ. 2023ರಲ್ಲಿ ಅಕ್ಕಿ ಸಿಗದೆ ಕಿಲೋಗೆ 34ರಂತೆ ಹಣ ಕೊಟ್ಟರು, 2025ರಲ್ಲಿ ಮತ್ತೆ ಅಕ್ಕಿ. ಅದು ಹೆಚ್ಚಾಗಿ ಹೊರರಾಜ್ಯದ ಅಕ್ಕಿ. ನಮ್ಮ ಗದ್ದೆಯ ಭತ್ತ ನಮ್ಮದೇ ನ್ಯಾಯಬೆಲೆ ಅಂಗಡಿಗೆ ಬರುವ ವ್ಯವಸ್ಥೆಯಾದರೆ ಕುಚ್ಚಲಕ್ಕಿ ಉಣ್ಣುವ ಕರಾವಳಿಗೆ ಎರಡು ಕಡೆಯಿಂದ ಲಾಭ.

ಅತಿಕ್ರಮಣದ ಗದ್ದೆ ನಮ್ಮದು, ಪಹಣಿ ಇಲ್ಲ. ದಾರಿ ಏನು?

2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ. ಬುಡಕಟ್ಟಿನವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಆ ಪ್ರದೇಶದಲ್ಲಿ ವಾಸವಿದ್ದುದಕ್ಕೆ 75 ವರ್ಷ ಬೇಕು, ಅದೇ ತುಂಡು ಜಮೀನನ್ನು ಅಷ್ಟು ವರ್ಷ ಉತ್ತ ದಾಖಲೆ ಅಲ್ಲ. ಈ ಎರಡನ್ನೂ ಬೆರೆಸಿ ತಿರಸ್ಕರಿಸಿದ್ದರೆ ಮೇಲ್ಮನವಿಗೆ ಅದೇ ಮುಖ್ಯ ಅಂಶ. ಎರಡು ಬಗೆಯ ಸಾಕ್ಷ್ಯ ಸಾಕು, ಊರ ಹಿರಿಯರ ಲಿಖಿತ ಹೇಳಿಕೆಯೂ ಒಂದು. ಗರಿಷ್ಠ 4 ಹೆಕ್ಟೇರ್.

ಪ್ರಣಾಳಿಕೆ ಓದುವುದು ಹೇಗೆ? ಎಲ್ಲ ಒಂದೇ ಥರ ಕಾಣ್ತದೆ.

ಸಾಲು ಸಾಲಾಗಿ ಪೆನ್ಸಿಲ್ ಹಿಡಿದು ಓದಿ. ಇದು ಇವರ ಅಧಿಕಾರದ್ದೇ, ಹಣ ಯಾವ ಬಜೆಟ್ಟಿನಿಂದ, ನನ್ನ ಕಾಗದದಲ್ಲಿ ನಾನು ಅರ್ಹನೇ ಎಂದು ಪ್ರತಿ ಸಾಲಿಗೂ ಕೇಳಿ. 2023ರ ಉದಾಹರಣೆ ನೋಡಿ. ಬಿಜೆಪಿ ಕೃಷಿ ಸಂಸ್ಕರಣೆ, ಶೈತ್ಯಾಗಾರಕ್ಕೆ 30,000 ಕೋಟಿಯ ನಿಧಿ, ಪಡಿತರದಲ್ಲಿ 5 ಕಿಲೋ ಅಕ್ಕಿ ಜೊತೆ 5 ಕಿಲೋ ಸಿರಿಧಾನ್ಯ ಎಂದಿತ್ತು. ರಾಜ್ಯದ ಅಧಿಕಾರದ್ದೇ ಹೌದು. ಆದರೆ ಸಿರಿಧಾನ್ಯದ ಲಾಭ ಬಯಲುಸೀಮೆಗೆ, ಶೈತ್ಯಾಗಾರ ಭತ್ತಕ್ಕೆ ಬೇಡ. ನಮಗೆ ಬೇಕಾದ್ದು ಒಣಗಿಸುವ ಯಂತ್ರ. ಹೋಬಳಿಗೊಂದು ಭತ್ತ ಒಣಗಿಸುವ ಯಂತ್ರ ಎಂದು ಬರೆದ ಪ್ರಣಾಳಿಕೆ ನಮ್ಮ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಇಷ್ಟೆಲ್ಲ ಯಾಕೆ, ಗದ್ದೆಗೆ ಅಡಿಕೆ ಹಾಕಿಬಿಡೋಣ ಅಲ್ವಾ?

ಹಾಕುತ್ತಿದ್ದಾರೆ. ನೀತಿಯೂ ಆ ಕಡೆ ವಾಲಿದೆ: 2023ರ ಫೆಬ್ರುವರಿಯಿಂದ ಆಮದು ಅಡಿಕೆಗೆ ಕಿಲೋಗೆ ಕನಿಷ್ಠ 351 ರೂಪಾಯಿ ಎಂಬ ಬೇಲಿ ಇದೆ. ಆ ಬೇಲಿ ಒಂದು ಅಧಿಸೂಚನೆ ಅಷ್ಟೆ. ಬೇಲಿ ಇದ್ದಾಗಲೂ ಎಲೆಚುಕ್ಕೆ ರೋಗ ಬಿಟ್ಟಿಲ್ಲ. ಬೈಲು ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಎರಡು ಮೂರು ಅಡಿ ಆಳದ ಬಸಿಗಾಲುವೆ ತೆಗೆಯದೆ ನೆಟ್ಟರೆ ಬೇರು ಕೊಳೆಯುತ್ತದೆ, ಫಸಲಿಗೆ ಐದಾರು ವರ್ಷ ಕಾಯಬೇಕು. ಆ ಕಾಲುವೆ ನಿಮ್ಮ ಕೆಳಗಿನ ಗದ್ದೆಯವರ ನೀರನ್ನೂ ಎಳೆಯುತ್ತದೆ, ನಾಲ್ಕನೇ ವರ್ಷದಿಂದ ನೆರಳು ಬದು ದಾಟುತ್ತದೆ. ಪಕ್ಕದವರನ್ನು ಕೇಳಿ ಗುಂಡಿ ತೆಗೆಯಿರಿ.